ನಿಂತ ನೀರು

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಪ್ರಶ್ನೆಗಳ ಭಯ ಅಷ್ಟಾಗಿ ಇರುವುದಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆಗಳು ಅವನಿಗೂ ಗೊತ್ತು, ಹುಡುಗರಿಗೂ ಗೊತ್ತು. ಆದರೆ ಈ ನೆಮ್ಮದಿಯೆಲ್ಲ ಕಾಲೇಜಿನ ಗೇಟಿನವರೆಗೆ ಮಾತ್ರ. ಮನೆಯಲ್ಲಿ ಐದು ವರ್ಷದ ಮಗುವೊಂದಿದ್ದರೆ, ಎಂಥ ಪಂಡಿತನೂ ಹೊಸಿಲು ದಾಟುತ್ತಲೇ ವಿದ್ಯಾರ್ಥಿಯಾಗುತ್ತಾನೆ. ಕಾಲು ತೊಳೆಯುವಾಗ ಒಂದು ಪ್ರಶ್ನೆ, ಕಾಫಿ ಕುಡಿಯುವಾಗ ಎರಡು, ಊಟಕ್ಕೆ ಕೂತರೆ ಲೆಕ್ಕವೇ ಇಲ್ಲ. ಇರುವೆ ರಾತ್ರಿ ಎಲ್ಲಿ ಮಲಗುತ್ತದೆ? ದೋಸೆಗೆ ತೂತು ಮಾಡಿದವರು ಯಾರು? ನಾನು ಉತ್ತರ ಹುಡುಕುವಷ್ಟರಲ್ಲಿ ಪ್ರಶ್ನೆ ಹಳತಾಗಿರುತ್ತದೆ.

ನಮ್ಮ ಸಾಗರದಿಂದ ವರದಮೂಲ ಐದಾರು ಕಿಲೋಮೀಟರು. ಇಕ್ಕೇರಿಯ ದೇವಸ್ಥಾನ ನೋಡಿದವರು ಅಲ್ಲಿಗೂ ಹೋಗಿಬರುವುದು ವಾಡಿಕೆ. ಒಂದು ಭಾನುವಾರ ಮಗುವನ್ನು ಕರೆದುಕೊಂಡು ಹೋಗಿದ್ದೆ. ವರದಾಂಬೆಗೆ ಕೈಮುಗಿದು ಕೊಳದ ಮೆಟ್ಟಿಲ ಮೇಲೆ ಕೂತೆವು.

“ಹೊಳೆ ಎಲ್ಲಿ ಅಪ್ಪಯ್ಯ?”

“ಇದೇ. ಇಲ್ಲೇ ಹುಟ್ಟೋದು.”

“ಇಷ್ಟೇನಾ?”

“ಈಗ ಚಿಕ್ಕದು, ನಿನ್ನ ಹಾಗೆ.”

“ದೊಡ್ಡದಾಗಿ ಎಲ್ಲಿಗೆ ಹೋಗ್ತದೆ?”

ಅಪರೂಪಕ್ಕೆ ನನಗೆ ಬರುವ ಪ್ರಶ್ನೆ! ಬನವಾಸಿಯನ್ನು ಬಳಸಿಕೊಂಡು ಹೋಗುತ್ತದೆಂದೆ. 10ನೆಯ ಶತಮಾನದ ಪಂಪನಿಗೆ ಆ ಊರಿನ ಮೇಲಿದ್ದ ಮೋಹವನ್ನು ಹೇಳಿದೆ. ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರಿ, ಮುಂದೆ ಕೃಷ್ಣೆಯಲ್ಲಿ ಬೆರೆತು, ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆಂದೆ. ಇದೇ ಜಿಲ್ಲೆಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಮಾತ್ರ ಪಡುವಣಕ್ಕೆ ತಿರುಗಿ, ಜೋಗದಲ್ಲಿ 253 ಮೀಟರು ಧುಮುಕಿ, ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುವುದನ್ನೂ ಬಿಡಲಿಲ್ಲ.

“ಎಲ್ಲಾ ನೀರೂ ಹೋಗಲೇಬೇಕಾ?”

“ಹೋಗಲೇಬೇಕು.”

ರಾತ್ರಿ ಈ ಪಾಠವೆಲ್ಲ ಅಜ್ಜಿಗೆ ಒಪ್ಪಿಸಲ್ಪಟ್ಟಿತು. ಅಮ್ಮ ಅಡಕತ್ತರಿ ಹಿಡಿದು ಅಡಿಕೆ ಕತ್ತರಿಸುತ್ತಿದ್ದಳು. ಎಲ್ಲವನ್ನೂ ಕೇಳಿ, “ಎಲ್ಲಾ ನೀರೂ ಹೋಗೋದಿಲ್ಲ ಮಗಾ. ನನ್ನ ತವರುಮನೆ ಮೇಲೆ ಬಂದ ನೀರು ಅಲ್ಲೇ ನಿಂತಿದೆ” ಎಂದಳು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ನಿಂತಾಗ ಅಮ್ಮನಿಗೆ ಹದಿಮೂರು ವರ್ಷ. ಮುಳುಗಡೆಯ ಮಾತು ನಮ್ಮ ಕಡೆಯ ಯಾವ ಮನೆಗೂ ಹೊಸದಲ್ಲ. ಆದರೆ ಅಂಗಳದಲ್ಲಿ ಪಾರಿಜಾತ ಯಾವ ಮೂಲೆಯಲ್ಲಿತ್ತು, ಬಚ್ಚಲ ಹಂಡೆ ಎಷ್ಟು ದೊಡ್ಡದಿತ್ತು, ಗಾಡಿ ಹೊರಟಾಗ ಬೆಕ್ಕು ಮಾತ್ರ ಕೈಗೆ ಸಿಗದೆ ಹೇಗೆ ಹಿಂದೆ ಉಳಿಯಿತು ಎಂಬುದನ್ನೆಲ್ಲ ನಾನು ಕೇಳಿದ್ದು ಅಂದೇ. ಅದೂ ಮಗುವಿಗೆ ಹೇಳುತ್ತಿದ್ದಾಗ.

“ನೀರನ್ನ ಯಾಕೆ ನಿಲ್ಲಿಸಿದರು ಅಜ್ಜಿ?”

“ದೀಪಕ್ಕೆ. ಆ ನೀರಿಂದ ಕರೆಂಟು ಮಾಡ್ತಾರೆ. ನಾಡಿಗೆಲ್ಲಾ ಬೆಳಕು ಬೇಡವಾ?”

ಅಮ್ಮನ ದನಿಯಲ್ಲಿ ದೂರೇನೂ ಇರಲಿಲ್ಲ. ಮಗು ತಲೆಯೆತ್ತಿ ಬಲ್ಬನ್ನು ಸ್ವಲ್ಪ ಹೊತ್ತು ನೋಡಿತು. ಅನಂತರ ಎದ್ದು, ಸ್ಟೂಲು ಎಳೆದುಕೊಂಡು ಹತ್ತಿ, ಸ್ವಿಚ್ಚು ಆರಿಸಿತು.

“ನಮಗೆ ಬೆಳಕು ಬೇಡ. ನೀರು ಬಿಡೋಕೆ ಹೇಳು ಅಜ್ಜಿ.”

ಅಡಕತ್ತರಿಯ ಸದ್ದು ನಿಂತಿತು. ಒಳಗಿನಿಂದ ನನ್ನ ಹೆಂಡತಿ, “ಕರೆಂಟು ಹೋಯಿತೇನ್ರೀ?” ಎಂದು ಎರಡು ಸಲ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಕತ್ತಲಲ್ಲಿಯೇ ಅಮ್ಮ, “ಬೇಸಿಗೆ ಬರಲಿ ಮಗಾ, ಸ್ವಲ್ಪ ಇಳೀತದೆ” ಎಂದದ್ದು ಕೇಳಿಸಿತು.

ಆ ಮೇಲೆ ನಮ್ಮ ಮನೆಯಲ್ಲಿ ದೀಪವೊಂದು ನೆಮ್ಮದಿಯಾಗಿ ಉರಿಯುವುದು ಕಷ್ಟವಾಗಿದೆ. ನಾನು ಪುಟ ತಿರುವುವಷ್ಟರಲ್ಲಿ ಕೋಣೆ ಕತ್ತಲಾಗುತ್ತದೆ. ಸ್ಟೂಲು ಎಳೆದ ಸದ್ದು ಮುಂದಿನ ಕೋಣೆಗೆ ಸಾಗುತ್ತದೆ. ಗದರೋಣವೆಂದು ಬಾಯಿ ತೆರೆದರೆ ಅಮ್ಮ ಬೇಡವೆಂದು ಕೈ ಮಾಡುತ್ತಾಳೆ. ನಾನು ತಡವರಿಸಿಕೊಂಡು ಸ್ವಿಚ್ಚು ಹುಡುಕುತ್ತೇನೆ.