ಕರಿಯನಿದ್ದ ಮನೆಗೆ ಮೋತಿ ಬಂತು

ಮನೆಗೆ ಹೊಸಬರು ಬರುವುದೆಂದರೆ ನಮ್ಮಲ್ಲಿ ದೊಡ್ಡ ಸಡಗರ. ಸೊಸೆ ಬಂದರೆ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರಿಟ್ಟು, ಆರತಿ ಬೆಳಗಿ ಒಳಗೆ ಕರೆಯುತ್ತೇವೆ. ಹೊಸ ಎತ್ತು ಬಂದರೆ ಕಾಲಿಗೆ ನೀರು ಹಾಕಿ ಹಣೆಗೆ ಕುಂಕುಮ ಹಚ್ಚುತ್ತೇವೆ. ಟ್ರ್ಯಾಕ್ಟರ್ ಬಂದರೂ ಗಾಲಿಯಡಿ ನಿಂಬೆಹಣ್ಣು ಇಡುವುದನ್ನು ಮರೆಯುವುದಿಲ್ಲ. ನಾಯಿಮರಿಗೆ ಮಾತ್ರ ಇದಾವ ಮರ್ಯಾದೆಯೂ ಇಲ್ಲ. ಯಾರದೋ ಬಣವೆಯ ಬುಡದಲ್ಲಿ ಹುಟ್ಟಿದ್ದನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದು ಅಂಗಳದಲ್ಲಿ ಬಿಟ್ಟರೆ ಮುಗಿಯಿತು. ಆ ಅಂಗಳಕ್ಕೆ ಮೊದಲೇ ಒಬ್ಬ ಯಜಮಾನನಿದ್ದಾನೆ, ಅವನಿಗೆ ನಾಲ್ಕು ಕಾಲು, ಒಂದು ಬಾಲ ಮತ್ತು ತನ್ನದೇ ಆದ ಅಭಿಪ್ರಾಯಗಳಿವೆ ಎಂಬುದನ್ನು ಯಾರು ಯೋಚಿಸುತ್ತಾರೆ?

ನಮ್ಮ ಮನೆಯ ಆ ಯಜಮಾನನ ಹೆಸರು ಕರಿಯ. ಹನ್ನೊಂದು ವರ್ಷದ ಊರನಾಯಿ. ಕೊಹಿನೂರಿನಂಥ ಊರಿನಲ್ಲಿ ಹುಟ್ಟಿ ಹನ್ನೊಂದು ವರ್ಷ ಬಾಳುವುದು ನಾಯಿಯ ಮಟ್ಟಿಗೆ ಸಣ್ಣ ಸಾಧನೆಯಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಹೊರಸಿನ ಕೆಳಗೆ ಮಲಗುವುದನ್ನು ರೂಢಿ ಮಾಡಿಕೊಂಡಿದ್ದ. ಅಪ್ಪ ಇದ್ದಾಗ ಹಗಲು ಹೊಲ, ರಾತ್ರಿ ಅಂಗಳ ಎರಡೂ ಅವನ ವಶ. ಈಗ ಕಿವಿ ಮಂದವಾಗಿತ್ತು. ಕಬ್ಬಿನ ಗದ್ದೆಗೆ ಹಂದಿಗಳು ನುಗ್ಗಿ ಮೆದ್ದು ಹೋದರೂ ಕರಿಯ ಹೊರಸಿನ ಕೆಳಗೆ ಕನಸು ಕಾಣುತ್ತಿದ್ದ. ಇನ್ನೊಂದು ಮರಿ ತರಬೇಕು ಎಂಬ ಮಾತು ಹುಟ್ಟಿದ್ದು ಹೀಗೆ.

ಮಗನಿಗೆ ಮುಧೋಳದ ನಾಯಿಯ ಮೇಲೆ ಮನಸ್ಸು. 2005ರಲ್ಲಿ ಅಂಚೆಚೀಟಿಯ ಮೇಲೂ ಮೆರೆದ ತಳಿ ಅದು. ನಮ್ಮ ಬೀದರಿನಲ್ಲೇ ಇರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಆ ತಳಿಗಾಗಿಯೇ ಒಂದು ಕೇಂದ್ರ ನಡೆಸುತ್ತಾರೆ. ಆದರೆ ಓಡಿ ಮೊಲ ಹಿಡಿಯುವ ನಾಯಿ ನಮಗೆ ಬೇಕಿರಲಿಲ್ಲ. ಕೂತಲ್ಲೇ ಕೂತು ಗಟ್ಟಿಯಾಗಿ ಬೊಗಳುವುದು ಸಾಕಿತ್ತು.

ಅಡ್ಡ ಬಂದವಳು ಅವ್ವ. "ಅದರ ಜೀವ ಇನ್ನಾ ಗಟ್ಟಿ ಅದ. ಅದು ಇದ್ದಾಗೇ ಅದರ ಜಾಗಾದಾಗ ಇನ್ನೊಂದು ತಂದು ಕೂಡಸ್ತೀರೇನು?" ಎಂದಳು. ಹಿಂದಿನ ವರ್ಷವಷ್ಟೇ ಅವಳು ಕಪಾಟಿನ ಕೀಲಿಗೊಂಚಲನ್ನು ಸೊಸೆಯ ಕೈಗೆ ಕೊಟ್ಟಿದ್ದಳು. ಮಾತು ನಾಯಿಯದೋ ಅವಳದೋ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಆಗಲಿಲ್ಲ.

ನಾಯಿಯ ವಿಷಯಕ್ಕೆ ಮಾನ ಕೊಡುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಇಲ್ಲೇ ಬಸವಕಲ್ಯಾಣದಿಂದ, ಅಂದರೆ ಅಂದಿನ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಆನೆ, ಕುದುರೆಗಳ ಜೊತೆಗೆ ನಾಯಿಗೂ ಒಂದು ಅಧ್ಯಾಯವಿದೆ. ಅದಕ್ಕೂ ಮೊದಲು, ಮಳಖೇಡದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 949-50ರ ಹೊತ್ತಿಗೆ ಹುಟ್ಟಿದ ಆತಕೂರು ಶಾಸನ ಕಾಳಿ ಎಂಬ ನಾಯಿಯನ್ನು ಹೊಗಳುತ್ತದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಒಡೆಯ ಮೆಚ್ಚಿ "ಬೇಡಿಕೋ" ಎಂದಾಗ ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಆ ನಾಯಿಯನ್ನು. ಮುಂದೆ ಕಾಳಿ ಒಂದು ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿ ಬಿಡಲಾಯಿತು. ಇಷ್ಟೆಲ್ಲ ಬರೆದ ಶಾಸನಕಾರ, ಮಣಲೆರನ ಅಂಗಳದಲ್ಲಿ ಮೊದಲೇ ಇದ್ದಿರಬಹುದಾದ ನಾಯಿಗಳು ಕಾಳಿಯನ್ನು ಹೇಗೆ ಬರಮಾಡಿಕೊಂಡವು ಎಂಬ ಬಗ್ಗೆ ಒಂದು ಅಕ್ಷರವನ್ನೂ ಕೆತ್ತಿಲ್ಲ. ಮನೆ ನಡೆಸುವವರಿಗೆ ಬೇಕಾದದ್ದು ಯಾವಾಗಲೂ ಹೀಗೆ ಶಾಸನದ ಹೊರಗೇ ಉಳಿಯುತ್ತದೆ.

ನಮಗೆ ಆ ವಿದ್ಯೆ ಹೇಳಿಕೊಟ್ಟವರು ಕಾಕಾ. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಿವೃತ್ತರಾದವರು. "ಹಳೇದು ಗಂಡದ, ಹೊಸದು ಹೆಣ್ಣಿರಲಿ. ಗಂಡು-ಗಂಡು ಇಟ್ರ ಮುಂದ ಜಗಳ ಜಾಸ್ತಿ. ಎರಡು ತಿಂಗಳು ತುಂಬೋ ತನಕ ತಾಯಿಂದ ಬಿಡಿಸಬ್ಯಾಡ್ರಿ" ಎಂದರು. ಮುಂದೆ ಸಂತಾನ ಬೇಡವೆಂದರೆ ಆಪರೇಷನ್ನು ಮಾಡಿಸುವ ಜವಾಬ್ದಾರಿ ಮಗ ಹೊತ್ತ. ಆಮೇಲೆ ಕಾಕಾ ಹೇಳಿದ ಸೂತ್ರ ಇದು: "ಮೊದಲು ವಾಸನಿ, ಆಮ್ಯಾಲೆ ಮಾರಿ."

ನಾವು ಮನುಷ್ಯರು ಮುಖ ನೋಡಿ ಪರಿಚಯ ಮಾಡಿಕೊಳ್ಳುತ್ತೇವೆ. ನಾಯಿಗೆ ಮುಖಕ್ಕಿಂತ ಮೂಗು ದೊಡ್ಡದು. ಹಾಗಾಗಿ ಮರಿ ಬರುವ ಎರಡು ದಿನ ಮೊದಲೇ ಅದು ಮಲಗುತ್ತಿದ್ದ ಗೋಣಿತಟ್ಟಿನ ತುಂಡೊಂದು ನಮ್ಮ ಅಂಗಳಕ್ಕೆ ಬಂತು. ಕರಿಯ ಬಳಿ ಬಂದು, ಸರ್ಕಾರಿ ಕಾಗದ ಓದುವ ಗುಮಾಸ್ತನಂತೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಮೂಸಿ, ಕೊನೆಗೆ ಕಾಲೆತ್ತಿ ರುಜು ಹಾಕಿದ. ಅವನು ಮಲಗುತ್ತಿದ್ದ ಹಳೆಯ ಪಂಚೆಯ ತುಂಡು ಅತ್ತ ಮರಿಯ ಬಳಿಗೆ ಹೋಯಿತು. ಹೀಗೆ ಪತ್ರವ್ಯವಹಾರ ಮುಗಿಯಿತು.

ಮುಖಾಮುಖಿಗೆ ಅಂಗಳ ಬೇಡ ಎಂಬುದು ಕಾಕಾರ ಎರಡನೆಯ ಮಾತು. ಅಂಗಳ ಕರಿಯನ ರಾಜ್ಯ. ಅಲ್ಲಿ ಎದುರಾದರೆ ಅದು ದಾಳಿ, ಊರ ಹೊರಗಿನ ದಾರಿಯಲ್ಲಿ ಎದುರಾದರೆ ಅದು ಭೇಟಿ. ಹೊಲದ ದಾರಿಯಲ್ಲಿ ಕರಿಯನ ಹಗ್ಗ ನಾನು ಹಿಡಿದೆ, ಮರಿಯದನ್ನು ಮಗ. ಹಗ್ಗ ಸಡಿಲವಿರಬೇಕು. ಬಿಗಿದರೆ ನಾಯಿಯ ಮನಸ್ಸೂ ಬಿಗಿಯುತ್ತದೆ. ನಡುವೆ ಹತ್ತು ಮಾರು ಬಿಟ್ಟು ಇಬ್ಬರನ್ನೂ ಒಂದೇ ದಿಕ್ಕಿಗೆ ನಡೆಸಿದೆವು. ಅಂತರ ನಿಧಾನವಾಗಿ ಕಡಿಮೆಯಾಯಿತು. ಕರಿಯ ನೇರವಾಗಿ ಬಾರದೆ ಅರ್ಧ ಸುತ್ತು ಹಾಕಿ ಬಂದು ಹಿಂದಿನಿಂದ ಮೂಸಿದ. ಅದು ಅವರ ಲೋಕದ ಸಭ್ಯತೆ. ಮರಿ ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ಮರುಗಳಿಗೆಯಲ್ಲೇ ಎದ್ದು ಅವನ ತುಟಿ ನೆಕ್ಕಲು ಹೋಯಿತು. ಕರಿಯ ಗುರ್ ಎಂದ. ಮಗ ಕೈ ಎತ್ತಿದ.

"ಹೊಡಿಬ್ಯಾಡ! ಅದು ಮಾತಾಡ್ಲತ್ತದ," ಎಂದರು ಕಾಕಾ.

ಈ ಮಾತನ್ನು ನಾನು ಅನೇಕ ಸಲ ನೆನೆದಿದ್ದೇನೆ. ಗುರ್ ಎನ್ನುವುದು ಕಚ್ಚುವುದಲ್ಲ, ಕಚ್ಚುವ ಪ್ರಸಂಗ ಬಾರದಿರಲಿ ಎಂದು ಹೇಳುವುದು. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ, ಮುಂದೆ ಹೇಳದೆ ಕೇಳದೆ ನೇರ ಕಚ್ಚುವುದನ್ನು ಕಲಿಯುತ್ತದೆ. ಮರಿಯೂ ಆ ಸದ್ದಿನಿಂದಲೇ ಎಲ್ಲಿ ನಿಲ್ಲಬೇಕೆಂದು ಕಲಿಯಬೇಕು. ಮನೆಯ ಹಿರಿಯರ ಗೊಣಗನ್ನು ನಾವು ಬಾಯಿಮುಚ್ಚಿಸುವುದು ಎಷ್ಟು ಸಲ, ಅದರ ಅರ್ಥ ಕೇಳುವುದು ಎಷ್ಟು ಸಲ?

ಮರಿಗೆ ಮಗಳು ಮೋತಿ ಎಂದು ಹೆಸರಿಟ್ಟಳು. ಕೊಹಿನೂರ್ ವಜ್ರ ಹೇಗೂ ಲಂಡನ್ನಿನಲ್ಲಿದೆ, ಕೊಹಿನೂರ ಊರಿಗೆ ಒಂದು ಮುತ್ತಾದರೂ ಇರಲಿ ಎಂಬುದು ಅವಳ ವಾದ. ಮೋತಿಗೆ ಜಂತಿನ ಔಷಧಿ, ಪಾರ್ವೋ ಮತ್ತು ಡಿಸ್ಟೆಂಪರ್ ಲಸಿಕೆ ಹಾಕಿಸಿದೆವು. ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ. ಅಂಗಳದಲ್ಲಿ ಹೊಸ ಕಾಯಿದೆ ಬಂತು. ತಾಟು ಎರಡು, ಮೂಲೆ ಎರಡು. ಎಲುಬು ಎಲ್ಲೂ ಬಿದ್ದಿರಬಾರದು. ರೊಟ್ಟಿ ಮೊದಲು ಕರಿಯನಿಗೆ, ಆಮೇಲೆ ಮೋತಿಗೆ. ಹೊರಗಿನಿಂದ ಬಂದವರು ಮೊದಲು ಮಾತಾಡಿಸಬೇಕಾದದ್ದೂ ಕರಿಯನನ್ನೇ. ಅಪ್ಪನ ಹೊರಸಿದ್ದ ಪಡಸಾಲೆಯ ಹೊಸ್ತಿಲು ಎತ್ತರ. ಮೋತಿಯ ಗಿಡ್ಡ ಕಾಲಿಗೆ ಅದು ದಾಟದು. ಹಳೆಯ ಕಾಲದ ಬಡಿಗನ ಪುಣ್ಯದಿಂದ ಕರಿಯನಿಗೆ ಒಂದು ಏಕಾಂತ ಸಿಕ್ಕಿತು.

ಆದರೂ ನಾಲ್ಕನೆಯ ದಿನ ಕರಿಯ ರೊಟ್ಟಿ ಬಿಟ್ಟ. ಕೊಟ್ಟಿಗೆಯ ಕತ್ತಲಲ್ಲಿ ಹೋಗಿ ಮಲಗಿದ. ಐದನೆಯ ದಿನವೂ ಹಾಗೆಯೇ. ಮನೆ ಮಂದಿಯೆಲ್ಲ ಮುನಿಸು ಎಂದರು. ಅವ್ವ ಮಾತಾಡಲಿಲ್ಲ. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನಾದಿ, ಕೊಟ್ಟಿಗೆಯಲ್ಲಿ ಅವನ ಪಕ್ಕ ಕೂತು, ತುತ್ತು ತುತ್ತಾಗಿ ಬಾಯಿಗೆ ಹಿಡಿದಳು. ಎರಡು ತುತ್ತು ತಿಂದು ಮುಖ ತಿರುಗಿಸಿದ. ಸುದ್ದಿ ತಿಳಿದು ಬಂದ ಕಾಕಾ ಮೊದಲು ಬಾಯಿ ಬಿಡಿಸಿ ನೋಡಿದರು. ದವಡೆಯ ಹಲ್ಲೊಂದು ಕೊಳೆತಿತ್ತು. "ಮುನಿಸು ಅರ್ಧ, ಹಲ್ಲು ಅರ್ಧ" ಎಂದರು. ಮುದಿ ನಾಯಿ ಮರಿಯ ಮೇಲೆ ಸಿಡಿಮಿಡಿಗೊಂಡರೆ ಅದರ ಮೈಯಲ್ಲಿ ಎಲ್ಲಿ ನೋವಿದೆ ಎಂದು ಮೊದಲು ಹುಡುಕಬೇಕಂತೆ. ಮೈನೋವಿಗೂ ಹೊಟ್ಟೆಕಿಚ್ಚಿಗೂ ಹೊರಗಿನಿಂದ ಕಾಣುವ ರೂಪ ಒಂದೇ. ಬಸವಕಲ್ಯಾಣಕ್ಕೆ ಒಯ್ದು ಹಲ್ಲು ಕೀಳಿಸಿದೆವು. ವಾರದೊಳಗೆ ರೊಟ್ಟಿ ತಿರುಗಿ ಬಂತು, ಅರ್ಧ ಸಿಟ್ಟು ಹೋಯಿತು. ಉಳಿದರ್ಧವನ್ನು ಮೋತಿಯೇ ತನ್ನ ಕುಣಿತದಿಂದ ಕರಗಿಸಬೇಕಿತ್ತು. ಮುಂಗಾಲು ನೆಲಕ್ಕೂರಿ, ಹಿಂಭಾಗ ಮೇಲೆತ್ತಿ ದಿನಕ್ಕೆ ನೂರು ಸಲ ಆಟಕ್ಕೆ ಕರೆಯುತ್ತಿತ್ತು. ನೂರಾ ಒಂದನೆಯ ಸಲಕ್ಕೆ ಕರಿಯ ಒಂದು ಮುಂಗಾಲು ಎತ್ತಿ ಅದರ ತಲೆಯ ಮೇಲಿಟ್ಟ. ಅಷ್ಟೇ ಅವನ ಆಟ.

ಎರಡು ತಿಂಗಳ ಮೇಲೆ ಒಂದು ರಾತ್ರಿ ಹಂದಿಗಳು ಬಂದವು. ಮೋತಿ ಕಿವಿ ನಿಮಿರಿಸಿ, ಹಿತ್ತಲ ಕಡೆ ಮುಖ ಮಾಡಿ, ಪೀಪಿಯಂಥ ದನಿಯಲ್ಲಿ ಕೂಗಿತು. ಆ ದನಿಗೆ ಹಂದಿ ಇರಲಿ, ಹೆಗ್ಗಣವೂ ಹೆದರುತ್ತಿರಲಿಲ್ಲ. ಹೊಸ್ತಿಲ ಮೇಲೆ ಕುತ್ತಿಗೆ ಇಟ್ಟು ಮಲಗಿದ್ದ ಕರಿಯನಿಗೆ ಸದ್ದು ಕೇಳಿಸಿರಲಾರದು. ಆದರೆ ನೆಟ್ಟಗೆ ನಿಂತ ಮರಿಯ ಮೈ ಕಣ್ಣಿಗೆ ಬಿತ್ತು. ಎದ್ದು ಬಂದು ಅದರ ಪಕ್ಕ ನಿಂತು, ಅದು ನೋಡುತ್ತಿದ್ದ ದಿಕ್ಕಿಗೇ ಮುಖ ಮಾಡಿ, ತನ್ನ ಹಳೆಯ ತುಂಬು ಗಂಟಲಿನಲ್ಲಿ ಬೊಗಳಿದ. ಆ ಕತ್ತಲಲ್ಲಿ ಕಬ್ಬು ಸರಸರ ಸದ್ದು ಮಾಡಿ ಸುಮ್ಮನಾಯಿತು. ಕಿವಿ ಮೋತಿಯದು, ಗಂಟಲು ಕರಿಯನದು.

ಪಡಸಾಲೆಯ ಬಾಗಿಲಲ್ಲಿ ನಿಂತಿದ್ದ ಅವ್ವ, "ನೋಡ್ರಿ, ಅದರ ಜಾಗಾ ಅದಕ್ಕೇ ಅದ," ಎಂದು ಒಳಗೆ ಹೋದಳು. ಹೊಸಬರನ್ನು ಕರೆತರುವವರು ಹೊಸಬರಿಗೆ ಜಾಗ ಹುಡುಕುವುದರಲ್ಲೇ ಸೋಲುತ್ತಾರೆ. ಹಳಬರ ಜಾಗ ಅಲುಗದಂತೆ ನೋಡಿಕೊಂಡರೆ ಹೊಸಬರಿಗೆ ಅವರೇ ಪಕ್ಕಕ್ಕೆ ಸರಿದು ಎಡೆ ಕೊಡುತ್ತಾರೆ. ಮೋತಿಯ ಕಾಲು ಈಗ ಉದ್ದವಾಗಿದೆ, ಹೊಸ್ತಿಲು ದಾಟಬಲ್ಲದು. ಆದರೂ ಪಡಸಾಲೆಯ ಬಾಗಿಲಿಗೆ ಬಂದು, ಕರಿಯ ಬಾಲ ಒಮ್ಮೆ ಆಡಿಸುವ ತನಕ ಅಲ್ಲೇ ನಿಲ್ಲುತ್ತದೆ.