ಡಿಸೆಂಬರ್ ನೀರು

ಬೆಂಗಳೂರಿನ ವಿಜಯನಗರದ ನಾವು ಆರು ಜನ, ಪ್ರತಿ ಡಿಸೆಂಬರ್‌ನಲ್ಲೊಂದು ಶುಕ್ರವಾರ ರಾತ್ರಿ ಕುಂದಾಪುರದ ಕಡೆಗೆ ಬಸ್ಸು ಹತ್ತುತ್ತೇವೆ. ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರಿನಲ್ಲಿ ಕಯಾಕ್ ಹುಟ್ಟು ಹಾಕಲು. ನಸುಕಿನಲ್ಲಿ ಸ್ವೆಟರ್ ತೊಟ್ಟು ನಡುಗುತ್ತಾ ನೀರಿಗೆ ಕೈ ಅದ್ದಿದರೆ, ಗಾಳಿಗಿಂತ ನೀರೇ ಬೆಚ್ಚಗೆ! ಪ್ರತಿ ಸಲವೂ ಅದೇ ಬೆರಗು.

ಹೊರಡುವ ಹೊತ್ತು ಕಡಲಿನ ಭರತದ ಕೈಯಲ್ಲಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ನೀರು ಏರಿದಾಗ ಕಾಂಡ್ಲಾ ಗಿಡಗಳ ನಡುವಿನ ಕಿರುದಾರಿಗಳು ತೆರೆದುಕೊಳ್ಳುತ್ತವೆ. ಬೇರುಗಳ ಕಮಾನಿನ ಕೆಳಗೆ ಹುಟ್ಟಿನ ಸದ್ದೊಂದೇ. ಇಳಿತದಲ್ಲಿ ಅದೇ ಜಾಗ ಬರೀ ಕೆಸರು. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಅದಕ್ಕೆ ಇಳಿತವೂ ಜೊತೆಯಾದರೆ ಹಗುರವಾದ ಕಯಾಕ್ ಹೊರಗೆ ಸೆಳೆದುಹೋಗುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಕೋಡಿ ಬೆಂಗ್ರೆಯ ಅಳಿವೆ ಬಾಗಿಲಿಗೆ ನಾವು ಹೋಗುವುದೇ ಇಲ್ಲ. ಈಜು ಬಂದರೂ ಬಾರದಿದ್ದರೂ ಲೈಫ್ ಜಾಕೆಟ್ ಬಿಚ್ಚುವಂತಿಲ್ಲ.

ಗುಂಪು ಆರಕ್ಕಿಂತ ದೊಡ್ಡದಾಗಬಾರದು ಎನ್ನುವುದು ನನ್ನ ಹಟ. ಆರು ಜನರಾದರೆ ಮೂರು ಜೋಡಿ ಕಯಾಕ್, ಒಬ್ಬರು ಕೂಗಿದರೆ ಎಲ್ಲರಿಗೂ ಕೇಳುತ್ತದೆ. ಕಳೆದ ಬಾರಿ ನಡುನೀರಿನಲ್ಲಿ ಎಲ್ಲರೂ ಹುಟ್ಟು ಎತ್ತಿಟ್ಟು ಸುಮ್ಮನಾದೆವು. ಮಂಜಿನ ಆಚೆ ಯಾರೋ ಬಲೆ ಬೀಸಿದ ಸದ್ದು ಕೇಳಿಸಿತು.

ಸೋಮವಾರ ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗಲೂ ಅಂಗೈ ಇನ್ನೂ ಉರಿಯುತ್ತಿತ್ತು.