ಲಾಕ್-ಮೈಲಿಯ ಲೆಕ್ಕ

ಇಂಗ್ಲೆಂಡಿನ ವುಸ್ಟರ್‌ನಿಂದ ಬರ್ಮಿಂಗ್‌ಹ್ಯಾಮ್‌ಗೆ ರೈಲಿನಲ್ಲಿ ಒಂದು ಗಂಟೆಯ ಆಸುಪಾಸು. ನಾವು ದೋಣಿಯಲ್ಲಿ ನಾಲ್ಕು ದಿನ ತೆಗೆದುಕೊಂಡೆವು.

ಗೆಳತಿ ಹಳೆಯ ನ್ಯಾರೋಬೋಟ್ ಒಂದನ್ನು ಕೊಂಡಿದ್ದಳು. ಉದ್ದ 57 ಅಡಿ, ಅಗಲ ಏಳು ಅಡಿಗೂ ಕಡಿಮೆ. ವುಸ್ಟರ್‌ನ ಡಿಗ್ಲಿಸ್ ಬೇಸಿನ್ ಎಂಬ ದೋಣಿ ತಂಗುದಾಣದಲ್ಲಿದ್ದ ಅದನ್ನು ಅಕ್ಟೋಬರ್ ಕೊನೆಯ ಭಾನುವಾರದೊಳಗೆ ಬರ್ಮಿಂಗ್‌ಹ್ಯಾಮ್ ಮುಟ್ಟಿಸಬೇಕಿತ್ತು. ಹೊರಡುವ ಹಿಂದಿನ ರಾತ್ರಿ ನಕ್ಷೆ ಹರಡಿಕೊಂಡು ಕೂತಾಗ ನಾನು ಕೇಳಿದ್ದು, "ಎಷ್ಟು ಮೈಲಿ?" ಅವಳು ಪೆನ್ಸಿಲ್ಲಿನಲ್ಲಿ ಎಣಿಸತೊಡಗಿದ್ದು ಲಾಕ್‌ಗಳನ್ನು.

ಲಾಕ್ ಎಂದರೆ ದೋಣಿಗಾಗಿ ಕಟ್ಟಿದ ನೀರಿನ ಮೆಟ್ಟಿಲು. 1815ರಲ್ಲಿ ತೆರೆದ ವುಸ್ಟರ್-ಬರ್ಮಿಂಗ್‌ಹ್ಯಾಮ್ ಕಾಲುವೆಯಲ್ಲಿ ಅಂಥವು 58. ಅವುಗಳಲ್ಲಿ ಎರಡು ಬೇಸಿನ್‌ನ ಕೆಳಗೆ, ಸೆವರ್ನ್ ನದಿಯ ಬದಿಗಿವೆ. ನಮಗೆ ಉಳಿದದ್ದು 56. ದಾರಿ ಸುಮಾರು 30 ಮೈಲಿ. ಕಾಲುವೆಯಲ್ಲಿ ಗಂಟೆಗೆ ಮೂರು ಮೈಲಿ ಹೋದರೆ ಒಂದು ಮೈಲಿಗೆ 20 ನಿಮಿಷ. ಒಂದು ಲಾಕ್ ಹೊಕ್ಕು ಹೊರಬರಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಹಾಗಾಗಿ ಒಂದು ಲಾಕ್ ಒಂದು ಮೈಲಿಗೆ ಸಮ. ಮೂವತ್ತಕ್ಕೆ ಐವತ್ತಾರು ಕೂಡಿಸಿ ಮೂರರಿಂದ ಭಾಗಿಸಿದಳು: 28 ಗಂಟೆ 40 ನಿಮಿಷ. ದಿನಕ್ಕೆ ಸುಮಾರು ಏಳು ಗಂಟೆಯಂತೆ ನಾಲ್ಕು ದಿನ.

ನಾನು ಹುಟ್ಟಿ ಬೆಳೆದದ್ದು ಕರಾವಳಿಯ ಗಂಗೊಳ್ಳಿಯಲ್ಲಿ. ಹೊಳೆ ದಾಟಲು ಎಷ್ಟು ಹೊತ್ತು ಎಂದರೆ ನಮ್ಮಜ್ಜ ಮೊದಲು ನೀರಿನ ಕಡೆ ನೋಡುತ್ತಿದ್ದರು. ಇಳಿತವೋ ಉಬ್ಬರವೋ ತಿಳಿಯದೆ ಅವರ ಬಾಯಿಂದ ಉತ್ತರ ಬರುತ್ತಿರಲಿಲ್ಲ. ಈ ಕಾಲುವೆಯಲ್ಲಿ ಇಳಿತವೂ ಇಲ್ಲ, ಉಬ್ಬರವೂ ಇಲ್ಲ, ಸೆಳೆತವಂತೂ ಇಲ್ಲವೇ ಇಲ್ಲ. ಹೊತ್ತು ಮಾತ್ರ ಇಲ್ಲಿಯೂ ನೀರಿನ ಕೈಯಲ್ಲೇ ಇದೆ ಎಂಬುದು ಮೊದಲ ಲಾಕ್‌ನಲ್ಲೇ ಅರಿವಾಯಿತು.

ದೋಣಿ ಖಾಲಿ ಲಾಕ್‌ನೊಳಗೆ ಸೇರುತ್ತದೆ. ಎರಡೂ ಮಗ್ಗುಲಿಗೆ ಅಂಗೈ ಜಾಗವೂ ಇಲ್ಲ. ಪಾಚಿ ಹಿಡಿದ ಇಟ್ಟಿಗೆ ಗೋಡೆಯಿಂದ ಹನಿ ತೊಟ್ಟಿಕ್ಕುತ್ತದೆ. ಹಿಂದಿನ ಬಾಗಿಲು ಮುಚ್ಚಿ, ವಿಂಡ್ಲೆಸ್ ಎಂಬ ಕಬ್ಬಿಣದ ಹಿಡಿಕೆಯಿಂದ ಮೇಲಿನ ತೂಬು ಎತ್ತಬೇಕು. ಮೊದಲು ಅರ್ಧ ಮಾತ್ರ. ಆತುರಕ್ಕೆ ಪೂರ್ತಿ ಎತ್ತಿದರೆ ನುಗ್ಗುವ ನೀರು ದೋಣಿಯನ್ನು ಹಿಂದೆ ಮುಂದೆ ಎಳೆದಾಡುತ್ತದೆ. ಒಳಗೂ ಹೊರಗೂ ನೀರು ಸಮವಾಗುವವರೆಗೆ ಬಾಗಿಲ ತೊಲೆಗೆ ಬೆನ್ನು ಕೊಟ್ಟು ಎಷ್ಟು ತಳ್ಳಿದರೂ ಅದು ಮಿಸುಕುವುದಿಲ್ಲ. ಸಮವಾದ ಕ್ಷಣದಲ್ಲಿ ತಾನಾಗಿಯೇ ಸಡಿಲುತ್ತದೆ. ಆ ಸಡಿಲಿಕೆ ಬೆನ್ನಿಗೆ ಗೊತ್ತಾಗುತ್ತದೆ.

ಮೊದಲ ದಿನ ಮಧ್ಯಾಹ್ನ ಹೊರಟು ಆಫರ್ಟನ್‌ನ ಆರು ಲಾಕ್ ಹತ್ತಿ ಟಿಬರ್ಟನ್‌ನಲ್ಲಿ ತಂಗಿದೆವು. ಮರುದಿನ ಹ್ಯಾನ್‌ಬರಿ, ಆಸ್ಟ್‌ವುಡ್, ಒಂದು ಕಾಲಕ್ಕೆ ಉಪ್ಪಿಗೆ ಹೆಸರಾಗಿದ್ದ ಸ್ಟೋಕ್.

ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ. ಎಂಜಿನ್ ಒತ್ತಿ ಸಮಯ ಗಳಿಸುತ್ತೇನೆ ಎಂದುಕೊಂಡರೆ ಕಾಲುವೆ ಬಿಡುವುದಿಲ್ಲ. ನೀರು ಆಳವಿಲ್ಲ, ದೋಣಿಯ ಹಿಂಭಾಗ ಕುಸಿಯುತ್ತದೆ, ಅಲೆ ದಂಡೆಯನ್ನು ಕೊರೆಯುತ್ತದೆ, ವೇಗ ಮಾತ್ರ ಏರುವುದಿಲ್ಲ. ದಂಡೆಗೆ ಕಟ್ಟಿದ ದೋಣಿಗಳ ಪಕ್ಕದಲ್ಲಂತೂ ತೆವಳಿಯೇ ಹೋಗಬೇಕು. ಅವುಗಳಲ್ಲಿ ಜನ ವಾಸವಿರುತ್ತಾರೆ, ಒಲೆಯ ಮೇಲೆ ಅಡುಗೆ ಇರುತ್ತದೆ. ನಮ್ಮ ಅಲೆಗೆ ಅವರ ಗೂಟ ಕಿತ್ತು ಬರಬಹುದು. ದೋಣಿಗಳ ಸಾಲು ಉದ್ದವಿದ್ದ ಕಡೆ ಗೆಳತಿ ಹತ್ತು ನಿಮಿಷ ಹೆಚ್ಚು ಬರೆದುಕೊಳ್ಳುತ್ತಿದ್ದಳು. ಅಷ್ಟು ಹೊತ್ತು ಅವರಿಗೆ ಸಲ್ಲಬೇಕಾದದ್ದೇ.

ಮೂರನೆಯ ದಿನ ಟಾರ್ಡಬಿಗ್. ಎರಡೂಕಾಲು ಮೈಲಿಯೊಳಗೆ ಒಂದರ ಮೇಲೊಂದು 30 ಲಾಕ್, 220 ಅಡಿ ಏರು. ಬ್ರಿಟನ್ನಿನಲ್ಲಿ ಇಷ್ಟು ಉದ್ದದ ಲಾಕ್ ಸಾಲು ಇನ್ನೊಂದಿಲ್ಲ. ಸೂತ್ರದ ಪ್ರಕಾರ ಹತ್ತೂಮುಕ್ಕಾಲು ಗಂಟೆ. ಆದರೆ ಲಾಕ್‌ಗಳು ಇಷ್ಟು ಒತ್ತೊತ್ತಾಗಿದ್ದಾಗ ಒಬ್ಬರು ಮುಂದೆ ನಡೆದು ಮುಂದಿನದನ್ನು ಸಿದ್ಧಮಾಡಬಹುದು. ಆ ಕೆಲಸ ನನ್ನ ಪಾಲಿಗೆ ಬಂತು.

ನಸುಕಿನಲ್ಲೇ ಬೇರೊಂದು ದೋಣಿ ಮೇಲೆ ಹೋಗಿತ್ತು. ಅದು ಬಿಟ್ಟುಹೋದ ಪ್ರತಿ ಲಾಕ್ ತುಂಬಿತ್ತು. ನಾವು ಹೊಗಬೇಕೆಂದರೆ ಮೊದಲು ಖಾಲಿ ಮಾಡಬೇಕು. ಒಂದೊಂದು ಲಾಕ್‌ನಲ್ಲೂ ಒಂದು ಲಕ್ಷ ಲೀಟರಿನಷ್ಟು ನೀರು ಕೆಳಗಿಳಿಯುವವರೆಗೆ ಕಾಯುತ್ತಿದ್ದೆ. ಹತ್ತು ಲಾಕ್‌ಗೆ ಎರಡು ಗಂಟೆ ಹಿಡಿಯಿತು. ಬೆಟ್ಟದ ಮೇಲಿನ ಚರ್ಚಿನ ಮೊನಚು ಶಿಖರ ಎಷ್ಟು ನಡೆದರೂ ಹತ್ತಿರ ಬಾರದು. ಆಗ ತಿರುವಿನಲ್ಲಿ ಎದುರಿನಿಂದ ಒಂದು ದೋಣಿ ಇಳಿದು ಬಂತು. ಚುಕ್ಕಾಣಿ ಹಿಡಿದ ಮುದುಕ ಕೈಯೆತ್ತಿ, "ಮೇಲೆ ಎಲ್ಲವೂ ನಿಮ್ಮವೇ" ಎಂದ. ಅವನು ಖಾಲಿ ಮಾಡಿಬಂದ ಲಾಕ್‌ಗಳು ನಮಗೆ, ನಾವು ತುಂಬಿಸಿಬಂದವು ಅವನಿಗೆ. ಅಲ್ಲಿಂದಾಚೆ ಎಂಟೆಂಟು ನಿಮಿಷಕ್ಕೊಂದು. ತುದಿ ಮುಟ್ಟಿದಾಗ ಒಟ್ಟು ನಾಲ್ಕು ಗಂಟೆ ನಲವತ್ತು ನಿಮಿಷವಾಗಿತ್ತು. ಯಾವ ನಕ್ಷೆಯೂ ಆ ಮುದುಕನ ದೋಣಿಯನ್ನು ಮೊದಲೇ ತೋರಿಸಲಾರದು.

1941ರಿಂದ 1946ರವರೆಗೆ ಟಾಮ್ ರೋಲ್ಟ್ ಎಂಬ ಲೇಖಕ ತನ್ನ 'ಕ್ರೆಸ್ಸಿ' ದೋಣಿಯನ್ನು ಟಾರ್ಡಬಿಗ್‌ನಲ್ಲಿ ಕಟ್ಟಿ ವಾಸವಿದ್ದ. ಸರಕು ಸಾಗಣೆ ಸೊರಗಿ ಕಾಲುವೆಗಳು ಹೂಳು ತುಂಬುತ್ತಿದ್ದ ದಿನಗಳವು. ಅವನ ಪುಸ್ತಕ ಓದಿದ ರಾಬರ್ಟ್ ಐಕ್‌ಮನ್ 1945ರಲ್ಲಿ ಇಲ್ಲಿಗೇ ಹುಡುಕಿಕೊಂಡು ಬಂದ. ಮರುವರ್ಷ ಅವರಿಬ್ಬರು ಇತರರೊಡನೆ ಸೇರಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಕಟ್ಟಿದರು. ಅವರು ಹಟ ಹಿಡಿಯದಿದ್ದರೆ ನಮಗೆ ಎಣಿಸಲು ಲಾಕ್‌ಗಳು ಉಳಿಯುತ್ತಿದ್ದವೋ ಇಲ್ಲವೋ! ಆ ಜಾಗದಲ್ಲಿ ನಾನು ಸುಮ್ಮನೆ ಸ್ವಲ್ಪ ಹೊತ್ತು ನಿಂತೆ.

ನಾಲ್ಕನೆಯ ದಿನ, ಭಾನುವಾರಕ್ಕೆ, ಉಳಿದದ್ದು ಸುಮಾರು 14 ಮೈಲಿ, ಒಂದೂ ಲಾಕ್ ಇಲ್ಲ. ಕಾಗದದ ಮೇಲೆ 4 ಗಂಟೆ 40 ನಿಮಿಷ. ಶನಿವಾರ ರಾತ್ರಿ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದಕ್ಕೆ ಸರಿದಿದ್ದವು, ಐದು ಗಂಟೆಯೊಳಗೆ ಕತ್ತಲು. ಮೇಲಾಗಿ ಬೆಳಗಿನ ಮಂಜು ಹತ್ತರವರೆಗೆ ಕದಲಲಿಲ್ಲ. ಎರಡೂವರೆ ಕಿಲೋಮೀಟರಿನ ವಾಸ್ಟ್ ಹಿಲ್ಸ್ ಸುರಂಗದಲ್ಲಿ ನಲವತ್ತು ನಿಮಿಷ ದೀಪದ ಬೆಳಕು, ನೆತ್ತಿಯ ಮೇಲೆ ತಣ್ಣನೆಯ ಹನಿ. ಕಿಂಗ್ಸ್ ನಾರ್ಟನ್ ದಾಟಿದ ಮೇಲೆ ದೋಣಿ ಕುಂಟಿತು. ಎಂಜಿನ್ ಆರಿಸಿ, ಹಿಂಬದಿಯ ಮುಚ್ಚಳ ತೆಗೆದು, ಕೊರೆಯುವ ನೀರಿಗೆ ಮೊಣಕೈವರೆಗೆ ಕೈ ಇಳಿಬಿಟ್ಟೆ. ಪ್ರೊಪೆಲ್ಲರಿಗೆ ನೀಲಿ ನೈಲಾನ್ ಹಗ್ಗ ಸುತ್ತಿಕೊಂಡಿತ್ತು. ಬೆರಳು ಮರಗಟ್ಟಿದಾಗ ಗೆಳತಿ, ಅವಳದು ಮರಗಟ್ಟಿದಾಗ ನಾನು, ಹೀಗೆ ಎಳೆ ಎಳೆಯಾಗಿ ಕೊಯ್ದು ಬಿಡಿಸಲು 35 ನಿಮಿಷ. ಬೋರ್ನ್‌ವಿಲ್‌ನ ಚಾಕೊಲೇಟ್ ಕಾರ್ಖಾನೆ, ವಿಶ್ವವಿದ್ಯಾಲಯದ ಎತ್ತರದ ಗಡಿಯಾರ ಗೋಪುರ ಒಂದೊಂದಾಗಿ ಹಿಂದೆ ಸರಿದವು. ಗ್ಯಾಸ್ ಸ್ಟ್ರೀಟ್ ಬೇಸಿನ್‌ನಲ್ಲಿ ಹಗ್ಗ ಬಿಗಿದಾಗ ನಾಲ್ಕೂ ಹತ್ತು.

ಗೆಳತಿ ಪುಸ್ತಕ ತೆರೆದು ಕೊನೆಯ ಸಾಲು ತುಂಬಿದಳು: ಅಂದಾಜು 4:40, ಹಿಡಿದದ್ದು 6:10. ಪಕ್ಕದಲ್ಲಿ 'ಹಗ್ಗ' ಎಂದು ಬರೆದಳು. ಅಷ್ಟರಲ್ಲಿ ಇನ್ನೊಂದು ದೋಣಿ ದೀಪ ಹಚ್ಚಿಕೊಂಡು ನಮ್ಮ ಕಿಟಕಿಯ ಪಕ್ಕದಲ್ಲೇ ಸಾಗಿ ಹೋಯಿತು. ಎಷ್ಟು ನಿಧಾನವಾಗಿ ಎಂದರೆ ಮೇಜಿನ ಮೇಲಿದ್ದ ಚಹಾ ತುಳುಕಲಿಲ್ಲ.